ನನ್ನಂಥವರೂ ಕೂತು ತಿನ್ನಬಹುದಾದ ಹೋಟೆಲು

ಶಿವಮೊಗ್ಗದ ಗಾಂಧಿಬಜಾರಿನ ಹಿಂದೆ ಒಂದು ಓಣಿಯಲ್ಲಿ ಆರು ಮೇಜಿನ ಸಣ್ಣ ಹೋಟೆಲಿದೆ. ಹೆಸರು ಹಾಕಬೇಡಿ ಎಂದು ಯಜಮಾನರು ಕೇಳಿಕೊಂಡಿದ್ದಾರೆ. ಒಂದೇ ಸಲ ಜನ ನುಗ್ಗಿದರೆ ಭಟ್ಟರೊಬ್ಬರ ಕೈ ಸಾಲುವುದಿಲ್ಲ ಎಂಬುದು ಅವರ ಭಯ. ಅದಕ್ಕೇ ಹೆಸರು ಬಿಟ್ಟಿದ್ದೇನೆ. ಬರೆಯದೆ ಇರಲು ಮಾತ್ರ ಆಗಲಿಲ್ಲ. ನಾಲ್ಕು ವರ್ಷದಿಂದ ವಾರಕ್ಕೆ ಐದು ದಿನ ನನ್ನ ಬೆಳಗಿನ ತಿಂಡಿ ಅಲ್ಲೇ.

ಈ ಹೋಟೆಲಿನ ರುಚಿ ಹೊಗಳುವವರು ಬೇಕಾದಷ್ಟು ಜನ ಇದ್ದಾರೆ. ನನ್ನ ನಾಲಗೆಯ ಮಾತನ್ನು ರುಚಿಯ ವಿಷಯದಲ್ಲಿ ಪೂರ್ತಿ ನಂಬಬೇಡಿ, ಅದು ಈಗಲೂ ಮುಕ್ಕಾಲು ಪಾಲು ಮಾತ್ರ ಕೆಲಸ ಮಾಡುತ್ತದೆ. ನಾನು ಬರೆಯುತ್ತಿರುವುದು ಬಾಯಿ, ಗಂಟಲು, ನಾಲಗೆಯ ಕ್ಯಾನ್ಸರಿಗೆ ಚಿಕಿತ್ಸೆ ಮುಗಿಸಿ ಮನೆಯೊಳಗೇ ಕೂತುಬಿಟ್ಟಿರುವವರಿಗಾಗಿ. ಅವರ ಮನೆಯವರಿಗಾಗಿಯೂ ಹೌದು.

2019ರ ಅಕ್ಟೋಬರಿನಲ್ಲಿ ಬೆಂಗಳೂರಿನಲ್ಲಿ ನನಗೆ ಆಪರೇಷನ್ ಆಯಿತು. ಬಲಗೆನ್ನೆಯ ಒಳಭಾಗ, ಕೆಳದವಡೆಯ ಒಂದು ತುಂಡು, ಕುತ್ತಿಗೆಯ ಗಂಟುಗಳು, ಇಷ್ಟನ್ನು ತೆಗೆದರು. ಎದೆಯ ಮಾಂಸ ತಂದು ಕೆನ್ನೆ ಮುಚ್ಚಿದರು. ಆಮೇಲೆ 30 ಸಲ ರೇಡಿಯೇಷನ್. ಸೋಮವಾರದಿಂದ ಶುಕ್ರವಾರ, 6 ವಾರ. ಪ್ಲಾಸ್ಟಿಕ್ ಜಾಲರಿಯ ಮುಖವಾಡ ಹಾಕಿ ಮೇಜಿಗೆ ಬಿಗಿಯುತ್ತಿದ್ದರು. 2020ರ ಜನವರಿ ಮೊದಲ ವಾರಕ್ಕೆ ಎಲ್ಲ ಮುಗಿಯಿತು. ಜೀವ ಉಳಿಯಿತು. ಆ ಮಷೀನಿನ ಹತ್ತಿರ ನಿಂತು ದಿನಾ ಧೈರ್ಯ ಹೇಳುತ್ತಿದ್ದ ಹುಡುಗನನ್ನು ಇವತ್ತಿಗೂ ನೆನೆಯುತ್ತೇನೆ.

ಜೀವ ಉಳಿದ ಮೇಲೆ ಏನೇನು ಬಾಕಿ ಇರುತ್ತದೆ ಎಂದು ಯಾರೂ ಕೂರಿಸಿಕೊಂಡು ಹೇಳಿರಲಿಲ್ಲ. ಹೇಳಿದ್ದರೂ ಆವಾಗ ತಲೆಗೆ ಹೋಗುತ್ತಿರಲಿಲ್ಲವೇನೋ. ಎಂಜಲೇ ಇಲ್ಲ. ರೇಡಿಯೇಷನ್ ಎಂಜಲು ಗ್ರಂಥಿಗಳನ್ನು ಒಣಗಿಸುತ್ತದೆ, ಒಂದೆರಡು ವರ್ಷದಲ್ಲಿ ಸ್ವಲ್ಪ ಸ್ವಲ್ಪ ವಾಪಸ್ ಬರುತ್ತದೆ, ಪೂರ್ತಿ ಬರುವುದಿಲ್ಲ. ಬಾಯಿ ತೆರೆಯುವುದಿಲ್ಲ. ಸಾಮಾನ್ಯವಾಗಿ ಜನರ ಬಾಯಿಯಲ್ಲಿ ಮೂರು ಬೆರಳು ಒಂದರ ಮೇಲೊಂದು ನಿಲ್ಲುತ್ತವೆ. 35 ಮಿಲಿಮೀಟರಿಗಿಂತ ಕಡಿಮೆ ತೆರೆದರೆ ಬಾಯಿ ಬಿಗಿದಿದೆ ಎಂದು ಲೆಕ್ಕ. ನನ್ನದು 14 ಆಗಿತ್ತು. ಒಂದು ಬೆರಳು ಹೋಗುತ್ತಿತ್ತು, ಅಷ್ಟೇ. ಕೆಳತುಟಿಯ ಬಲ ಅರ್ಧಕ್ಕೆ ಸ್ಪರ್ಶವಿಲ್ಲ. ಸಾರು ಗದ್ದದ ಮೇಲೆ ಇಳಿಯುತ್ತಿದ್ದರೂ ನನಗೆ ಗೊತ್ತಾಗುವುದಿಲ್ಲ. ಬಲ ಭುಜ ಕಿವಿಯ ಎತ್ತರಕ್ಕೆ ಏಳುವುದಿಲ್ಲ. ಮೂಗಿನ ನಳಿಕೆಯಲ್ಲಿ ಎರಡು ತಿಂಗಳು ಊಟ. 71 ಕೆಜಿ ಇದ್ದವನು 58ಕ್ಕೆ ಬಂದೆ.

ಇದೆಲ್ಲ ದೇಹದ ಲೆಕ್ಕವಾಯಿತು. ಇನ್ನೊಂದು ಇದೆ.

ನಾನು ಅಡಿಕೆ ಮಂಡಿಯ ಗುಮಾಸ್ತ. 22ನೇ ವಯಸ್ಸಿನಿಂದ ಅದೇ ಕೆಲಸ. ಮಂಡಿಯವರಿಗೆ ಬೆಳಗ್ಗೆ ಹೋಟೆಲು ಎಂದರೆ ತಿಂಡಿ ಒಂದೇ ಅಲ್ಲ. ಹಿಂದಿನ ದಿನದ ರೇಟು, ಯಾರ ಮನೆಯಲ್ಲಿ ಮದುವೆ, ಯಾವ ಊರಿನಲ್ಲಿ ಕೊಳೆರೋಗ ಬಂತು, ಎಲ್ಲ ಅಲ್ಲೇ ತಿಳಿಯುವುದು. ಅದು ನಿಂತುಹೋಯಿತು. ಚಿಕಿತ್ಸೆ ಮುಗಿದು ಎರಡೇ ತಿಂಗಳಿಗೆ ಕೊರೋನಾ ಬಂತು. ಎಲ್ಲರೂ ಮಾಸ್ಕ್ ಹಾಕಿದರು. ಬೇರೆಯವರಿಗೆ ಅದು ಕಷ್ಟ, ನನಗೆ ಅದೊಂದು ನೆರಳಿನ ಹಾಗಿತ್ತು. ಕೆನ್ನೆಯ ಗುಳಿ, ಓರೆ ತುಟಿ, ಕುತ್ತಿಗೆಯ ಗಾಯ, ಯಾವುದೂ ಕಾಣುತ್ತಿರಲಿಲ್ಲ. ಮಾಸ್ಕ್ ಹಾಕಿಕೊಂಡು ಧೈರ್ಯವಾಗಿ ಓಡಾಡಿದೆ. ಆದರೆ ಮಾಸ್ಕ್ ಹಾಕಿಕೊಂಡು ತಿನ್ನಲು ಆಗುವುದಿಲ್ಲ ಅಲ್ವಾ?

2021ರ ಕೊನೆಗೆ ಒಂದು ದಿನ ಧೈರ್ಯ ಮಾಡಿದೆ. ಊರಿನ ಬೇರೊಂದು ಹೋಟೆಲಿಗೆ ಹೋಗಿ ಮಾಸ್ಕ್ ತೆಗೆದು ಕೂತೆ. ಎದುರಿಗಿದ್ದವರು ತಟ್ಟೆ ಎತ್ತಿಕೊಂಡು ಬೇರೆ ಮೇಜಿಗೆ ಹೋದರು. ಅದನ್ನು ಹೇಗೋ ನುಂಗಿಕೊಂಡೆ. ಸಪ್ಲೈಯರ್ ಬಂದು, ನಾನು ಏನು ಬೇಕೆಂದು ಹೇಳುವ ಮೊದಲೇ, ‘ಪಾರ್ಸಲ್ ಕಟ್ಟಿ ಕೊಡ್ಲಾ ಸರ್?’ ಎಂದ. ಅವನಿಗೆ ಕೆಟ್ಟ ಮನಸ್ಸಿರಲಿಲ್ಲ. ನನಗೆ ಅನುಕೂಲ ಮಾಡುತ್ತಿದ್ದೇನೆ ಎಂದೇ ಅಂದುಕೊಂಡಿದ್ದ. ಪಾರ್ಸಲ್ ತೆಗೆದುಕೊಂಡು ಮನೆಗೆ ಬಂದೆ. ತಿನ್ನಲಿಲ್ಲ. ಹೆಂಡತಿ ಕೇಳಿದ್ದಕ್ಕೆ ಹಸಿವಿಲ್ಲ ಎಂದೆ.

ಈ ಆರು ಮೇಜಿನ ಹೋಟೆಲಿಗೆ ಮೊದಲ ಸಲ ಕರೆದುಕೊಂಡು ಹೋದವಳು ಅವಳೇ. ಬೆಳಗ್ಗೆ ಏಳಕ್ಕೆ, ಬಾಗಿಲು ತೆಗೆದ ಕೂಡಲೇ, ಯಾರೂ ಇಲ್ಲದ ಹೊತ್ತಿಗೆ. ಗಲ್ಲಾದಲ್ಲಿ ಯಜಮಾನರ ಹೆಂಡತಿ ಕೂತಿದ್ದರು. ನಾವೆಲ್ಲ ಅವರನ್ನು ಅಕ್ಕ ಎನ್ನುತ್ತೇವೆ. ಅವರು ನನ್ನ ಮುಖ ನೋಡಿದರು, ನೋಡಿಯೂ ನೋಡದ ಹಾಗೆ ಮಾಡಲಿಲ್ಲ. ‘ಆಪರೇಷನ್ ಆಗಿದ್ಯಾ ಅಣ್ಣ? ಯಾವ ತರ ಮಾಡಿ ಕೊಟ್ರೆ ತಿನ್ನಕ್ಕೆ ಆಗತ್ತೆ ಹೇಳಿ’ ಎಂದರು. ಎರಡು ವರ್ಷದಲ್ಲಿ ಹೊರಗಿನವರು ಯಾರೂ ನನ್ನನ್ನು ಆ ಪ್ರಶ್ನೆ ಕೇಳಿರಲಿಲ್ಲ.

ಈಗ ತಿಂಡಿಯ ವಿಷಯ.

ಇಡ್ಲಿ ಇವರಲ್ಲಿ ಸಣ್ಣದು, ತೆಳ್ಳಗೆ, ತುಂಬ ಮೃದು. ಹಿಟ್ಟಿಗೆ ಅವಲಕ್ಕಿ ಹಾಕುತ್ತಾರೆ ಎಂದು ಭಟ್ಟರು ಹೇಳಿದರು. ಬಾಯಿ ಒಣಗಿದವರಿಗೆ ಇಡ್ಲಿ ಸುಲಭ ಎಂದು ಎಲ್ಲರೂ ತಿಳಿದಿದ್ದಾರೆ. ಅದು ತಪ್ಪು. ಬರೀ ಇಡ್ಲಿ ಚಟ್ನಿ ಕೊಟ್ಟರೆ ಅದು ಅಂಗುಳಕ್ಕೆ ಹಸಿಮಣ್ಣಿನ ಹಾಗೆ ಮೆತ್ತಿಕೊಳ್ಳುತ್ತದೆ. ಎಂಜಲಿಲ್ಲದೆ ಅದು ಜಾರುವುದೇ ಇಲ್ಲ. ಇಡ್ಲಿಯನ್ನು ಬಟ್ಟಲಿನಲ್ಲಿ ಹಾಕಿ, ಮುಳುಗುವಷ್ಟು ಸಾಂಬಾರ್ ಸುರಿದು, ಹತ್ತು ನಿಮಿಷ ನೆನೆಯಲು ಬಿಡಬೇಕು. ಸಾಂಬಾರ್ ಖಾರ ಇರಬಾರದು. ಇವರು ನನಗಾಗಿ ಬೇಳೆ ಬೇಯಿಸಿದ ಕಟ್ಟನ್ನು ಮಸಾಲೆ ಬೀಳುವ ಮೊದಲೇ ಒಂದು ಲೋಟದಷ್ಟು ತೆಗೆದಿಡುತ್ತಾರೆ. ಅದಕ್ಕೆ ಉಪ್ಪು, ಒಂದು ಚಮಚ ತುಪ್ಪ. ಅದರಲ್ಲಿ ನೆನೆದ ಎರಡು ಇಡ್ಲಿ. ಇದು ಅವರ ಬೋರ್ಡಿನಲ್ಲಿ ಇಲ್ಲ. ಕೇಳಿದರೆ ಕೊಡುತ್ತಾರೆ. ಸಾದಾ ಎರಡು ಇಡ್ಲಿಗೆ ಏನು ತೆಗೆದುಕೊಳ್ಳುತ್ತಾರೋ ಅಷ್ಟೇ, 40 ರೂಪಾಯಿ. ಜಾಸ್ತಿ ಕೊಡಲು ಹೋದರೆ ಅಕ್ಕನಿಗೆ ಸಿಟ್ಟು ಬರುತ್ತದೆ.

ತಿನ್ನಲು ನನಗೆ 35 ನಿಮಿಷ ಬೇಕು. ಒಂದು ತುತ್ತು, ಒಂದು ಗುಟುಕು ನೀರು, ಗದ್ದ ಕೆಳಗೆ ಬಾಗಿಸಿ ನುಂಗುವುದು, ಮತ್ತೆ ಒಂದು ಸಲ ಖಾಲಿ ನುಂಗುವುದು. ನುಂಗುವುದನ್ನು ಹೊಸದಾಗಿ ಕಲಿಸಿದ ಥೆರಪಿಸ್ಟ್ ಹೇಳಿಕೊಟ್ಟ ಕ್ರಮ ಇದು. ಅವಸರ ಮಾಡಿದರೆ ಕೆಮ್ಮು ಬರುತ್ತದೆ. ಅನ್ನದ ಅಗುಳು ಶ್ವಾಸಕ್ಕೆ ಹೋದರೆ ಎದೆಯ ಸೋಂಕಿನವರೆಗೆ ಹೋಗಬಹುದು. ಆದ್ದರಿಂದ ಒಂದು ಹೋಟೆಲು ನನ್ನಂಥವರಿಗೆ ಕೊಡಬಹುದಾದ ಎಲ್ಲಕ್ಕಿಂತ ದೊಡ್ಡ ವಸ್ತು ಹೊತ್ತು. ನಾಲ್ಕು ವರ್ಷದಲ್ಲಿ ಒಂದು ದಿನವೂ ಯಾರೂ ಬಿಲ್ ತಂದು ಮೇಜಿನ ಮೇಲಿಟ್ಟು ನಿಂತಿಲ್ಲ. ಎಂಟು ಗಂಟೆಯ ಮೇಲೆ ಜನ ಕಾಯುತ್ತಿದ್ದರೂ ಇಲ್ಲ.

ನೀರುದೋಸೆ ಕೆಲವರಿಗೆ ಹಿಡಿಸಬಹುದು. ನನಗೆ ಕಾಯಿಹಾಲು ಬೆಲ್ಲ ಹಾಕಿ ನೆನೆಸಿದರೆ ಹೋಗುತ್ತದೆ, ಇಲ್ಲದಿದ್ದರೆ ಮಡಿಕೆಗೆ ಮಡಿಕೆ ಅಂಟುತ್ತದೆ. ಮಸಾಲೆದೋಸೆ ಆಸೆಪಟ್ಟು ಎರಡು ಸಲ ತೆಗೆದುಕೊಂಡೆ. ಗರಿಗರಿ ಅಂಚು ಒಳಗೆ ಚುಚ್ಚಿ ರಕ್ತ ಬಂತು. ಈಗ ಭಟ್ಟರು ಮುಚ್ಚಳ ಹಾಕಿ ಮೆತ್ತಗೆ ಬೇಯಿಸಿದ ದೋಸೆ ಕೊಡುತ್ತಾರೆ, ತಿಂಗಳಿಗೆ ಒಂದು ಸಲ. ಆ ದಿನ ಮನೆಯವರೂ ಬರುತ್ತಾರೆ. ಕಡುಬು ಬೇಡ, ಗಟ್ಟಿ. ಉಪ್ಪಿಟ್ಟು ಬೇಡ, ರವೆಯ ಕಾಳು ಗಂಟಲಲ್ಲಿ ಚದುರುತ್ತದೆ. ಕೇಸರಿಬಾತ್ ತುಪ್ಪ ಜಾಸ್ತಿ ಇರುವುದರಿಂದ ಜಾರುತ್ತದೆ, ಆದರೆ ಎಂಜಲಿಲ್ಲದ ಬಾಯಿಗೆ ಸಿಹಿ ಎಂದರೆ ಹಲ್ಲಿಗೆ ಹುಳುಕು. ತಿಂದರೆ ಕೂಡಲೇ ಬಾಯಿ ತೊಳೆಯಬೇಕು.

ಹಲ್ಲಿನ ವಿಷಯ ಬಂದಿತು, ಹೇಳಿಬಿಡುತ್ತೇನೆ. ರೇಡಿಯೇಷನ್ ಶುರುವಾಗುವ ಮೊದಲೇ ನನ್ನ ಮೂರು ಕೆಟ್ಟ ಹಲ್ಲು ಕೀಳಿಸಿದರು. ಯಾಕೆ ಇಷ್ಟು ಅವಸರ ಎಂದು ಆವಾಗ ಬೇಸರ ಆಗಿತ್ತು. ಆಮೇಲೆ ಅರ್ಥವಾಯಿತು. ರೇಡಿಯೇಷನ್ ತಗುಲಿದ ದವಡೆಯಲ್ಲಿ ರಕ್ತದ ಓಡಾಟ ಕಡಿಮೆ. ಮುಂದೆ ಹಲ್ಲು ಕಿತ್ತರೆ ಗಾಯ ಮಾಯದೆ ಮೂಳೆಯೇ ಸಾಯಬಹುದು. ಎಷ್ಟು ವರ್ಷವಾದರೂ ಈ ಅಪಾಯ ಹೋಗುವುದಿಲ್ಲ. ನಿಮಗೆ ರೇಡಿಯೇಷನ್ ಆಗಿದ್ದರೆ, ಪಕ್ಕದ ಬೀದಿಯ ದಂತವೈದ್ಯರ ಹತ್ತಿರ ಹೋದಾಗಲೂ ಮೊದಲು ಅದನ್ನೇ ಹೇಳಿ. ದಿನಾ ಫ್ಲೋರೈಡ್ ಹಚ್ಚುವುದನ್ನು ಬಿಡಬೇಡಿ.

ಮಧ್ಯಾಹ್ನ ಹೋದರೆ ತಂಬುಳಿ ಕೇಳಿ. ಒಂದೆಲಗದ್ದು, ಕೆಲವು ದಿನ ದೊಡ್ಡಪತ್ರೆಯದ್ದು. ಒಗ್ಗರಣೆಯ ಒಣಮೆಣಸು ಬೇಡ ಎಂದು ಮೊದಲೇ ಹೇಳಬೇಕು. ಮೆತ್ತಗಿನ ಅನ್ನವನ್ನು ತಂಬುಳಿಯಲ್ಲಿ ಗಂಜಿಯ ಹಾಗೆ ಕಲಸಿಕೊಂಡರೆ ನೀರಿನ ಸಹಾಯವೇ ಇಲ್ಲದೆ ಇಳಿಯುತ್ತದೆ. ರೇಡಿಯೇಷನ್ ಮುಗಿದ ಮೂರು ತಿಂಗಳು ನನಗೆ ಎಲ್ಲವೂ ನೆನೆದ ಕಾಗದದ ಹಾಗಿತ್ತು. ಮೊದಲು ಉಪ್ಪು ಗೊತ್ತಾಯಿತು. ಹುಳಿ ಬಹಳ ತಡ. ಒಂದು ಮಧ್ಯಾಹ್ನ ಈ ಹೋಟೆಲಿನಲ್ಲಿ ತಂಬುಳಿ ಬಾಯಿಗೆ ಹಾಕಿದಾಗ ಮಜ್ಜಿಗೆಯ ಹುಳಿ, ಆಮೇಲೆ ಒಂದೆಲಗದ ಸಣ್ಣ ಒಗರು, ಎರಡೂ ಬೇರೆ ಬೇರೆಯಾಗಿ ತಿಳಿದವು. ತಾಯಿ ಮಾಡುತ್ತಿದ್ದ ತಂಬುಳಿ ನೆನಪಾಗಿ ಕಣ್ಣಲ್ಲಿ ನೀರು ಬಂತು. ಅಕ್ಕ ಖಾರವಾಯಿತೇನೋ ಎಂದು ಓಡಿ ಬಂದರು.

ಕಾಫಿ ಇಲ್ಲಿ ಲೋಟ ಬಟ್ಟಲಿನಲ್ಲಿ ಬರುತ್ತದೆ, 20 ರೂಪಾಯಿ. ನನಗೆ ಮಾತ್ರ ಅಡುಗೆಮನೆಯಲ್ಲೇ ಎರಡು ಸಲ ಆರಿಸಿ ತರುತ್ತಾರೆ. ಕಾರಣ ಇದೆ. ಎದೆಯಿಂದ ತಂದು ಹೊಲಿದ ಮಾಂಸಕ್ಕೆ ಬಿಸಿ ತಿಳಿಯುವುದಿಲ್ಲ. ಸುಟ್ಟರೂ ತಿಳಿಯುವುದಿಲ್ಲ. ಮೊದಲ ತಿಂಗಳಲ್ಲಿ ಒಮ್ಮೆ ಸುಟ್ಟುಕೊಂಡಿದ್ದೆ, ಮರುದಿನ ಬೊಬ್ಬೆ ನೋಡಿ ಗೊತ್ತಾಯಿತು. ಅದನ್ನು ಒಂದೇ ಸಲ ಹೇಳಿದ್ದು. ಇವತ್ತಿನವರೆಗೆ ಬಿಸಿ ಕಾಫಿ ನನ್ನ ಮೇಜಿಗೆ ಬಂದಿಲ್ಲ. ಏಳು ಗಂಟೆಗೇ ಹೋಗುವುದಕ್ಕೂ ಕಾರಣವಿದೆ. ಕುತ್ತಿಗೆಯ ರೇಡಿಯೇಷನ್ ನಿಧಾನವಾಗಿ ಥೈರಾಯ್ಡ್ ಅನ್ನೂ ಕೆಡಿಸಬಹುದು. ನನಗೆ ಮೂರನೇ ವರ್ಷ ರಕ್ತಪರೀಕ್ಷೆಯಲ್ಲಿ ಸಿಕ್ಕಿತು. ಅದಕ್ಕೂ ಮೊದಲು ಆರು ತಿಂಗಳು ಸುಸ್ತು, ಚಳಿ, ಯಾವುದರಲ್ಲೂ ಮನಸ್ಸಿಲ್ಲ. ಕ್ಯಾನ್ಸರ್ ಮರಳಿ ಬಂತು ಎಂದೇ ಹೆದರಿದ್ದೆವು. ಬೆಳಗ್ಗೆ ಆರಕ್ಕೆ ಖಾಲಿ ಹೊಟ್ಟೆಯಲ್ಲಿ ಮಾತ್ರೆ, ಏಳಕ್ಕೆ ತಿಂಡಿ. ಆರು ತಿಂಗಳಿಗೋ ವರ್ಷಕ್ಕೋ ಒಂದು ಸಲ ಥೈರಾಯ್ಡ್ ನೋಡುವ ಟಿಎಸ್‌ಎಚ್ ರಕ್ತಪರೀಕ್ಷೆ ಮಾಡಿಸಿ ಎಂದು ನಿಮ್ಮ ವೈದ್ಯರು ಹೇಳದಿದ್ದರೆ ನೀವೇ ಕೇಳಿ.

ಸಪ್ಲೈಯರ್ ಹುಡುಗನ ಬಗ್ಗೆ ಬರೆಯಬೇಕು. ಸೊರಬದ ಕಡೆಯವನು, ಇಪ್ಪತ್ತೊಂದು ವರ್ಷ. ನನ್ನ ಗದ್ದದ ಮೇಲೆ ಸಾಂಬಾರ್ ಇಳಿದರೆ ನನಗೆ ತಿಳಿಯುವುದಿಲ್ಲ ಎಂದೆನಲ್ಲ. ಬೇರೆ ಕಡೆ ಜನ ಅದನ್ನು ನೋಡಿ ಮುಖ ತಿರುಗಿಸುತ್ತಾರೆ. ಈ ಹುಡುಗ ಎರಡನೇ ವಾರದಲ್ಲೇ ಒಂದು ಸನ್ನೆ ಮಾಡಿಕೊಂಡ. ದೂರದಲ್ಲಿ ನಿಂತು ತನ್ನ ಗದ್ದವನ್ನು ಎರಡು ಬೆರಳಿನಿಂದ ಮುಟ್ಟಿಕೊಳ್ಳುತ್ತಾನೆ. ನಾನು ಒರೆಸಿಕೊಳ್ಳುತ್ತೇನೆ. ಪಕ್ಕದವರಿಗೆ ಏನೂ ಗೊತ್ತಾಗುವುದಿಲ್ಲ. ಇದನ್ನು ಅವನಿಗೆ ಯಾರೂ ಕಲಿಸಿಲ್ಲ. ನಾನೂ ಕೇಳಿರಲಿಲ್ಲ. ಆಮೇಲೆ ಮೂಲೆಯ ಮೇಜಿನ ಎದುರಿನ ಗೋಡೆಗೆ ಅಂಗೈಯಗಲದ ಒಂದು ಕನ್ನಡಿ ಬಂತು. ಯಾರು ತೂಗುಹಾಕಿದರು ಎಂದು ಕೇಳಿದರೆ ಯಜಮಾನರು ಮಾತು ಬದಲಾಯಿಸುತ್ತಾರೆ.

ದೊಡ್ಡ ಚಮಚದ ಬದಲು ಚಹಾ ಚಮಚ, ತುಂಬಿದ ನೀರಿನ ಜಗ್ಗು, ಬೆನ್ನಿಗೆ ಒರಗುವ ಕುರ್ಚಿ. ಇವಿಷ್ಟು ಆ ಮೇಜಿನಲ್ಲಿ ಯಾವಾಗಲೂ ಇರುತ್ತವೆ. ನಾನು ಮನೆಯಲ್ಲಿ ಬಾಯಿ ತೆರೆಸಲು ಐಸ್‌ಕ್ರೀಮ್ ಕಡ್ಡಿ ಬಳಸುತ್ತೇನೆ. ಕಡ್ಡಿಗಳನ್ನು ಒಂದರ ಮೇಲೊಂದು ಜೋಡಿಸಿ ಹಲ್ಲುಗಳ ನಡುವೆ ಇಟ್ಟು, ನೋವು ಶುರುವಾಗುವ ಜಾಗದಲ್ಲಿ ನಿಲ್ಲಿಸಿ, ಎಣಿಸುವುದು. ದಿನಕ್ಕೆ ನಾಲ್ಕೈದು ಸಲ. 7 ಕಡ್ಡಿಯಿಂದ ಶುರು ಮಾಡಿದೆ. ಈಗ 13. ಅಂದರೆ 26 ಮಿಲಿಮೀಟರ್ ಹತ್ತಿರ. ಒಂದು ವಾರ ಬಿಟ್ಟರೆ ಒಂದು ಕಡ್ಡಿ ಕಮ್ಮಿಯಾಗುತ್ತದೆ. 9ಕ್ಕೆ ಬಂದ ದಿನ ಚಹಾ ಚಮಚ ತುಂಬಿ ಒಳಗೆ ಹೋಯಿತು. 13ಕ್ಕೆ ಬಂದ ದಿನ ಹೋಟೆಲಿನಲ್ಲಿ ಹೇಳಿದೆ, ಭಟ್ಟರು ಒಳಗಿನಿಂದ ಬಂದು ನನ್ನ ಕೈ ಹಿಡಿದು ನಕ್ಕರು. ಚಿಕಿತ್ಸೆ ಮುಗಿದವರೇ, ಈ ಕಡ್ಡಿಯ ಕೆಲಸವನ್ನು ನಾಳೆಗೆ ಹಾಕಬೇಡಿ. ಬಿಗಿಯುವ ಮೊದಲು ತಡೆಯುವುದು ಸುಲಭ, ಬಿಗಿದ ಮೇಲೆ ಒಂದೊಂದು ಮಿಲಿಮೀಟರಿಗೂ ತಿಂಗಳು ಬೇಕು. ನಾನು ಮೊದಲ ಐದು ತಿಂಗಳು ನೋವೆಂದು ಸುಮ್ನೆ ಬಿಟ್ಟೆ. ಅದಕ್ಕೆ ಈಗಲೂ ಪಶ್ಚಾತ್ತಾಪ ಇದೆ. ಮಾತು, ನುಂಗುವಿಕೆಗೆ ಎಲ್ಲಿ ಹೋಗಬೇಕು ಎಂದು ತಿಳಿಯದವರು ಆಸ್ಪತ್ರೆಯಲ್ಲೇ ಸ್ಪೀಚ್ ಥೆರಪಿಸ್ಟ್ ಕೇಳಿ. ಮೈಸೂರಿನ ಮಾನಸಗಂಗೋತ್ರಿಯಲ್ಲಿ ಅಖಿಲ ಭಾರತ ವಾಕ್ ಶ್ರವಣ ಸಂಸ್ಥೆ ಇದೆ, ಸರ್ಕಾರದ್ದು.

ಕೊರತೆಗಳೂ ಇವೆ. ಎಂಟು ಗಂಟೆಯ ಮೇಲೆ ಗದ್ದಲ. ಹಳೆಯ ಫ್ಯಾನಿನ ಶಬ್ದ ಬೇರೆ. ತುಟಿ ಕೂಡದೆ ನನ್ನ ‘ಪ’, ‘ಬ’ ಗಾಳಿಯಾಗಿ ಸೋರುತ್ತವೆ, ಆ ಗದ್ದಲದಲ್ಲಿ ನಾನು ಹೇಳಿದ್ದು ಯಾರಿಗೂ ತಿಳಿಯುವುದಿಲ್ಲ. ಮಾತು ಕಷ್ಟ ಇರುವವರು ಚೀಟಿ ಬರೆದುಕೊಂಡು ಹೋಗಿ. ಶೌಚಾಲಯ ಹಿಂದುಗಡೆ, ಮೆಟ್ಟಿಲಿಗೆ ಹಿಡಿಕೆಯಿಲ್ಲ. ಸಾರಿಗೆ ಕಾಳುಮೆಣಸು ವಿಪರೀತ, ಅದನ್ನು ಮುಟ್ಟಬೇಡಿ. ಹೊಸ ಅಡುಗೆಯವರು ಬಂದ ವಾರ ಬೇಳೆಕಟ್ಟಿಗೂ ಖಾರ ಬಿದ್ದಿತ್ತು, ನಾನು ಎರಡು ದಿನ ನರಳಿದೆ. ಯಜಮಾನರು ಮನೆಗೇ ಬಂದು ಕ್ಷಮೆ ಕೇಳಿದರು.

ನನಗೆ ತುಂಬಾ ಸಂಕಟ ಕೊಡುವ ಕೊರತೆ ಹೋಟೆಲಿನ ಹೊರಗಿದೆ. ಬಾಗಿಲಿನ ಪಕ್ಕದಲ್ಲೇ ಬೀಡಾ ಅಂಗಡಿ. ಕರ್ನಾಟಕದಲ್ಲಿ ಗುಟ್ಕಾ ನಿಷೇಧವಾದದ್ದು 2013ರಲ್ಲಿ. ಈಗ ಪಾನ್ ಮಸಾಲೆ ಒಂದು ಪೊಟ್ಟಣ, ತಂಬಾಕು ಇನ್ನೊಂದು ಪೊಟ್ಟಣ, ಎರಡೂ ಒಂದೇ ದಾರಕ್ಕೆ ನೇತಾಡುತ್ತವೆ. ಕೊಂಡವನು ಕೈಯಲ್ಲೇ ಬೆರೆಸಿಕೊಳ್ಳುತ್ತಾನೆ. ತಿಂಡಿ ತಿಂದು ಹೊರಬಂದ ಹತ್ತು ಜನರಲ್ಲಿ ನಾಲ್ಕು ಜನ ಅಲ್ಲಿ ನಿಲ್ಲುವುದನ್ನು ನಾನು ಕೂತಲ್ಲಿಂದಲೇ ನೋಡುತ್ತೇನೆ.

ಇದನ್ನು ಬರೆಯುವುದು ನನಗೆ ಸುಲಭವಲ್ಲ. ನಮ್ಮ ಊರಿನ ಅನ್ನ ಅಡಿಕೆಯದು. ಸರಕು, ಬೆಟ್ಟೆ, ರಾಶಿ, ಗೊರಬಲು, ಮಂಡಿಗೆ ಬರುವ ಅಡಿಕೆಯ ಬಗೆಗಳಾದ ಈ ನಾಲ್ಕು ಮಾತಿನ ಮೇಲೆ ನನ್ನ ಮಗಳ ಓದು ಮುಗಿಯಿತು. ಮೂಟೆ ಬಿಚ್ಚಿ, ಅಡಿಕೆ ಕತ್ತರಿಸಿ, ಚೂರು ಬಾಯಿಗೆ ಹಾಕಿಕೊಳ್ಳುವುದು ಮಂಡಿಯಲ್ಲಿ ನನಗೆ ಅಭ್ಯಾಸವಾಗಿತ್ತು. ಜೊತೆಗೆ ಎಲೆ, ಸುಣ್ಣ, ಹೊಗೆಸೊಪ್ಪು. ರಾತ್ರಿ ಬಲಗೆನ್ನೆಯಲ್ಲಿ ಇಟ್ಟುಕೊಂಡೇ ನಿದ್ದೆ ಹೋಗುತ್ತಿದ್ದೆ. ಗಡ್ಡೆ ಬಂದದ್ದು ಅದೇ ಕೆನ್ನೆಗೆ. ತಂಬಾಕು ಬಿಟ್ಟರೆ ಸಾಕು, ಬರೀ ಅಡಿಕೆ ಏನೂ ಮಾಡುವುದಿಲ್ಲ ಎಂದು ನಾವೆಲ್ಲ ನಂಬಿದ್ದೆವು. ವಿಶ್ವ ಆರೋಗ್ಯ ಸಂಸ್ಥೆಯ ಕ್ಯಾನ್ಸರ್ ಸಂಶೋಧನಾ ಸಂಸ್ಥೆ ತಂಬಾಕಿಲ್ಲದ ಅಡಿಕೆಯನ್ನೂ ಮನುಷ್ಯರಿಗೆ ಕ್ಯಾನ್ಸರ್ ತರುವ ವಸ್ತುಗಳ ಪಟ್ಟಿಗೆ ಸೇರಿಸಿದೆ. ಇದನ್ನು ಮಂಡಿಯಲ್ಲಿ ಜೋರಾಗಿ ಹೇಳಿದರೆ ಯಾರಿಗೂ ಹಿಡಿಸುವುದಿಲ್ಲ. ನನ್ನ ಮುಖ ನೋಡಿದ ಮೇಲೆ ವಾದ ಮಾಡುವವರು ಕಮ್ಮಿಯಾಗಿದ್ದಾರೆ, ಅಷ್ಟೇ. ಬೆಳೆಗಾರನನ್ನು ನಾನು ದೂರುವುದಿಲ್ಲ. ತೋಟ ಬಿಟ್ಟು ಅವನು ಎಲ್ಲಿಗೆ ಹೋಗಬೇಕು? ಆದರೆ ಗೊತ್ತಿದ್ದೂ ನಾನು ಸುಮ್ಮನಿರಲು ಆಗುವುದಿಲ್ಲ.

ಹೋದ ವರ್ಷ ಈ ಹೋಟೆಲಿನಲ್ಲೇ ಒಂದು ಘಟನೆ ನಡೆಯಿತು. ನಮ್ಮ ಮಂಡಿಯ ಹಮಾಲಿ ಹುಡುಗನೊಬ್ಬ, 31 ವರ್ಷ, ಎದುರಿಗೆ ಕೂತು ಉದ್ದಿನ ವಡೆ ತಿನ್ನುತ್ತಿದ್ದ. ಕಚ್ಚುತ್ತಿರಲಿಲ್ಲ, ಸಣ್ಣ ಸಣ್ಣದಾಗಿ ಮುರಿದು ತುಟಿಯ ಸಂದಿನಲ್ಲಿ ತುರುಕುತ್ತಿದ್ದ. ಚಟ್ನಿ ತಾಗಿದರೆ ಕಣ್ಣು ಮುಚ್ಚುತ್ತಿದ್ದ. ನನಗೆ ಎದೆ ಧಸಕ್ಕೆಂದಿತು. ನಾನೂ ಹಾಗೇ ತಿನ್ನುವವನಲ್ಲವೇ. ‘ಮೂರು ಬೆರಳು ಬಾಯಿಗೆ ಇಡೋ ತಮ್ಮ’ ಎಂದೆ. ಎರಡೇ ಹೋದವು. ಒಳಗೆ ಟಾರ್ಚ್ ಬಿಟ್ಟು ನೋಡಿದರೆ ಕೆನ್ನೆ ಬಿಳಿಚಿಕೊಂಡು ಹಗ್ಗದ ಹಾಗೆ ಬಿಗಿದಿತ್ತು. ಅಡಿಕೆ, ಪಾನ್ ಮಸಾಲೆಯಿಂದ ಬಾಯಿಯ ಒಳಚರ್ಮ ಗಟ್ಟಿಯಾಗುವ ಕಾಯಿಲೆ ಅದು. ಕೆಲವರಲ್ಲಿ ಮುಂದೆ ಕ್ಯಾನ್ಸರ್ ಆಗುತ್ತದೆ. ನಾನು ನನ್ನ ಬಿಳಿ ಕಲೆಯನ್ನು ಎಂಟು ತಿಂಗಳು ಬಿಟ್ಟಿದ್ದೆ. ಮೆಡಿಕಲ್ ಅಂಗಡಿಯ ಹುಣ್ಣಿನ ಜೆಲ್, ಬಿ ಕಾಂಪ್ಲೆಕ್ಸ್ ಮಾತ್ರೆ, ಇಷ್ಟರಲ್ಲೇ ಕಳೆದೆ. ಆ ತಪ್ಪು ಇವನು ಮಾಡಬಾರದೆಂದು ಅವತ್ತೇ ಕರೆದುಕೊಂಡು ಹೋಗಿ ದಂತ ಕಾಲೇಜಿನಲ್ಲಿ ತೋರಿಸಿದೆ. ಚೂರು ತೆಗೆದು ಪರೀಕ್ಷೆ ಮಾಡಿದರು, ಕ್ಯಾನ್ಸರ್ ಇರಲಿಲ್ಲ. ಪೊಟ್ಟಣ ಬಿಟ್ಟಿದ್ದಾನೆ. ನನ್ನ ಜೊತೆ ಕಡ್ಡಿ ಎಣಿಸುತ್ತಾನೆ. ನಿಮ್ಮ ಬಾಯಲ್ಲಿ ಹುಣ್ಣಾಗಲಿ, ಬಿಳಿ ಅಥವಾ ಕೆಂಪು ಕಲೆಯಾಗಲಿ ಎರಡು ಮೂರು ವಾರವಾದರೂ ಮಾಯದಿದ್ದರೆ ಕಾಯಬೇಡಿ. ಬೇಗ ಸಿಕ್ಕಿದರೆ ಉಳಿಯುವ ಸಾಧ್ಯತೆಯೂ ಜಾಸ್ತಿ, ಕತ್ತರಿಸುವುದೂ ಕಡಿಮೆ. ಕಡಿಮೆ ಕತ್ತರಿಸಿದರೆ ಆಮೇಲೆ ನಿಮ್ಮ ಇಡ್ಲಿಗೆ ಇಷ್ಟೆಲ್ಲ ಏರ್ಪಾಡು ಬೇಕಾಗುವುದಿಲ್ಲ.

ಬೆಂಗಳೂರಿಗೆ ತಪಾಸಣೆಗೆ ಹೋದಾಗ ಒಂದು ಪ್ರಶ್ನೆಪತ್ರ ಕೊಡುತ್ತಿದ್ದರು. ತಲೆ ಕುತ್ತಿಗೆ ಕ್ಯಾನ್ಸರ್ ಆದವರಿಗೆಂದೇ ಮಾಡಿದ್ದು, 35 ಪ್ರಶ್ನೆ. ಬಾಯಿ ಒಣಗುತ್ತದೆಯೇ, ಹಲ್ಲಿನ ತೊಂದರೆಯೇ, ಫೋನಿನಲ್ಲಿ ಮಾತಾಡಲು ಕಷ್ಟವೇ, ಹೀಗೆ. ಕಳೆದ ಒಂದು ವಾರದ ಲೆಕ್ಕ ಹೇಳಬೇಕು. ಹೆಚ್ಚಿನ ಪ್ರಶ್ನೆಗಳಿಗೆ ನಾಲ್ಕು ಉತ್ತರ: ಇಲ್ಲವೇ ಇಲ್ಲ, ಸ್ವಲ್ಪ, ಸಾಕಷ್ಟು, ತುಂಬಾ. ಅದರಲ್ಲಿ ಒಂದು, ಬೇರೆಯವರ ಎದುರು ತಿನ್ನಲು ತೊಂದರೆಯಾಯಿತೇ ಎಂದು. 2020ರಲ್ಲಿ ‘ತುಂಬಾ’ ಎಂದು ಗುರುತು ಹಾಕಿದೆ. 2021ರಲ್ಲೂ ಅದೇ. ನಡುವೆ ಮೊದಲ ಎರಡು ವರ್ಷ ಎದೆಯಲ್ಲಿ ಬೇರೆಯೇ ಭಯ ಇತ್ತು, ಈ ಕಾಯಿಲೆ ಮರಳುವುದಾದರೆ ಬಹಳ ಮಟ್ಟಿಗೆ ಆ ಎರಡು ವರ್ಷದೊಳಗೇ ಎಂದು ವೈದ್ಯರು ಹೇಳಿದ್ದರು. ಪ್ರತಿ ತಪಾಸಣೆಯ ಹಿಂದಿನ ರಾತ್ರಿ ನಾವಿಬ್ಬರೂ ನಿದ್ದೆ ಮಾಡುತ್ತಿರಲಿಲ್ಲ. 2025ರ ಜನವರಿಗೆ ಐದು ವರ್ಷ ತುಂಬಿತು. ಇನ್ನು ವರ್ಷಕ್ಕೆ ಒಂದು ಸಲ ಬಂದರೆ ಸಾಕು, ಆದರೆ ಬರುವುದನ್ನು ಬಿಡಬೇಡಿ, ಬಾಯಿ ಗಂಟಲಲ್ಲಿ ಹೊಸದಾಗಿ ಇನ್ನೊಂದು ಹುಟ್ಟಬಹುದು ಎಂದರು. ಆ ದಿನ ಅದೇ ಪ್ರಶ್ನೆಪತ್ರ ಮತ್ತೆ ಬಂತು. ಬಾಯಿ ಒಣಗುವುದಕ್ಕೆ ‘ಸಾಕಷ್ಟು’ ಎಂದು ಹಾಕಿದೆ. ಎದುರು ತಿನ್ನುವ ಪ್ರಶ್ನೆಗೆ ಬಂದೆ. ಹಿಂದಿನ ವಾರ ನೆನಪು ಮಾಡಿಕೊಂಡೆ. ಸೋಮವಾರ ಹಮಾಲಿ ಹುಡುಗನ ಜೊತೆ, ಬುಧವಾರ ಸಾಗರದಿಂದ ಬಂದ ಬೆಳೆಗಾರರ ಜೊತೆ, ಶನಿವಾರ ಮನೆಯವರ ಜೊತೆ. ‘ಸ್ವಲ್ಪ’ ಎಂದು ಗುರುತು ಹಾಕಿದೆ. ಹೆಂಡತಿ ಪಕ್ಕದಿಂದ ನೋಡುತ್ತಿದ್ದಳು. ಏನೂ ಮಾತಾಡಲಿಲ್ಲ, ನನ್ನ ಮೊಣಕೈ ಹಿಡಿದುಕೊಂಡಳು.

ಆಪರೇಷನ್ ಮಾಡಿದವರು ಜೀವ ಉಳಿಸಿಕೊಟ್ಟರು. ಆ ‘ಸ್ವಲ್ಪ’ ಮಾತ್ರ ಈ ಹೋಟೆಲಿನದು. ಅದಕ್ಕೇ ಇಷ್ಟುದ್ದ ಬರೆದೆ.

ಹೋಗುವವರಿಗೆ: ಬೆಳಗ್ಗೆ 7ರಿಂದ 11, ಮಧ್ಯಾಹ್ನ 12:30ರಿಂದ 3. ಮಂಗಳವಾರ ರಜೆ. ಭಾನುವಾರ ಜನ ಜಾಸ್ತಿ, ಮೊದಲ ಸಲಕ್ಕೆ ಬೇಡ. ನೀರಿನ ಬಾಟಲಿ ನಿಮ್ಮದೂ ಒಂದಿರಲಿ. ಗಲ್ಲಾದಲ್ಲಿ ಅಕ್ಕ ಇದ್ದರೆ ನಿಮಗೆ ಏನು ಆಗುತ್ತದೆ, ಏನು ಆಗುವುದಿಲ್ಲ ಎಂದು ನೇರವಾಗಿ ಹೇಳಿ, ಸಂಕೋಚ ಬೇಡ. ನಿಮ್ಮ ಊರು ಬೇರೆಯಾದರೆ ಅಲ್ಲಿನ ಸಣ್ಣ ಹೋಟೆಲಿನಲ್ಲಿ ಏಳು ಗಂಟೆಗೆ ಹೋಗಿ ಕೇಳಿ ನೋಡಿ. ದೊಡ್ಡ ಹೋಟೆಲಿಗಿಂತ ಸಣ್ಣ ಹೋಟೆಲಿನವರೇ ಇಂಥದ್ದನ್ನು ಬೇಗ ತಿಳಿದುಕೊಳ್ಳುತ್ತಾರೆ ಎಂಬುದು ನನ್ನ ಅನುಭವ.

ಶಿವಮೊಗ್ಗಕ್ಕೇ ಬಂದರೆ, ಕನ್ನಡಿ ಇರುವ ಮೂಲೆಯ ಮೇಜು ಏಳರಿಂದ ಏಳೂಮುಕ್ಕಾಲರವರೆಗೆ ನನ್ನದು. ಎದುರಿನ ಕುರ್ಚಿ ಖಾಲಿ ಇರುತ್ತದೆ. ಬಂದು ಕೂತುಕೊಳ್ಳಿ. ನಿಮಗೆ ಎಷ್ಟು ಹೊತ್ತು ಬೇಕೋ ಅಷ್ಟು ಹೊತ್ತು ನಾನೂ ಇರುತ್ತೇನೆ.